ಒಳುದ ಮದ್ದು ಗೋಸಂಪಗೆಗೆ ಬೇಡ

ಅಕ್ಕಂದ್ರೇ, ಚಿಕ್ಕಮ್ಮಂದ್ರೇ, ಅತ್ತಿಗೆಕ್ಕಳೇ, ಈ ಸರ್ತಿ ರಜ್ಜ ಜೋರಿಲಿಯೇ ಬರೆತ್ತಾ ಇದ್ದೆ, ಬೇಜಾರ ಮಾಡೆಡಿ. ಜಾಲ ಕರೆಲಿ ಇಪ್ಪ ಗೋಸಂಪಗೆ ಮರಕ್ಕೆ ಹುಳುವಿನ ಮದ್ದು ಬಿಡುವ ಕ್ರಮ ನಮ್ಮ ಊರಿಂದ ಹೋಯೆಕ್ಕು. ಗೆಂಡುಮಕ್ಕೊ ಬಿಡ್ತವು, ನಾವೆಂತ ಮಾಡುದು ಹೇಳಿ ಕೂದರೆ ಆಗ. ಆ ಹೂಗಿನ ಕೊಯ್ವದು ಆರು? ನಾವು. ಹರಿವಾಣಲ್ಲಿ ಮಡುಗಿ ದೇವರ ಒಳಂಗೆ ಕೊಂಡೋಪದು ಆರು? ನಾವು. ಜಾಲಿಲಿ ಬಿದ್ದ ಹೂಗಿನ ಹೆರ್ಕಿ ಕೆಮಿಗೆ ಮಡುಗಿಯೊಂಡು ಆಡುದು ನಮ್ಮ ಮಕ್ಕೊ, ನಮ್ಮ ಪುಳ್ಳಿಯಕ್ಕೊ. ಹಾಂಗಿಪ್ಪಗ ಬೇಡ ಹೇಳುವ ಹಕ್ಕುದೆ ನಮ್ಮದೇ.

ಸಂಗತಿ ಹೀಂಗಿದ್ದು. ದರ್ಬೆ ಹೇಳಿರೆ ಗೇರಿನ ಊರು. ಗೇರು ಸಂಶೋಧನೆಯ ಕೇಂದ್ರ 1986ರಿಂದ ಇಲ್ಲೇ ಮೊಟ್ಟೆತ್ತಡ್ಕಲ್ಲಿ ಇದ್ದು, ದೇಶದ ಯೇವ ಮೂಲೆಂದ ಕಾಗದ ಬರದರೂ ವಿಳಾಸಲ್ಲಿ ದರ್ಬೆ ಅಂಚೆ ಹೇಳಿಯೇ ಬರೆಯೆಕ್ಕು. ಬೀಜದ ಗುಡ್ಡೆ ಇಪ್ಪವು ಚಿಗುರು ಬಪ್ಪಗ ಒಂದರಿ, ಹೂಗು ಬಪ್ಪಗ ಒಂದರಿ, ಕಾಯಿ ಹಿಡಿವಗ ಒಂದರಿ ಟೀ ಸೊಳ್ಳೆಗೆ ಮದ್ದು ಬಿಡ್ತವು. ಅದು ಅವರ ಬದುಕು, ಇಂದು ಎನ್ನ ತಕರಾರು ಅದಲ್ಲ. ತಕರಾರು ಇಪ್ಪದು ಗುಡ್ಡೆಂದ ಇಳುದು ಬಂದ ಮತ್ತೆ ಅಪ್ಪದರ ಮೇಲೆ. ಬೆನ್ನಿನ ಟ್ಯಾಂಕಿಲಿ ಎರಡು ಲೀಟರು ಒಳುದಿರ್ತು. ಚೆಲ್ಲುಲೆ ಮನಸ್ಸು ಬತ್ತಿಲ್ಲೆ, ಪೈಸೆ ಕೊಟ್ಟು ತಂದ ಮದ್ದಲ್ಲದೋ! ಜಾಲಿಲಿ ದಾಸನ ಇದ್ದು, ಗೋಸಂಪಗೆ ಇದ್ದು, ಎಲೆಲಿ ಎಂತದೋ ಹಳದಿ ಕಾಣ್ತು. "ಇದಕ್ಕೂ ರಜ್ಜ ಬಿಡ್ತೆ" ಹೇಳಿ ಬುರ್ರನೆ ಬಿಟ್ಟು, ಟ್ಯಾಂಕಿ ಖಾಲಿ ಮಾಡಿ, ಬಾವಿಕಟ್ಟೆ ಹತ್ತರೆ ತೊಳದು, ಅಂಗಿಯ ಬಚ್ಚಲಿಂಗೆ ಇಡ್ಕಿರೆ ಅವರ ಕೆಲಸ ಮುಗುತ್ತು. ಆ ಅಂಗಿ ಒಗವದೂ ನಾವೇ, ಮರದಿನ ಉದಿಯಪ್ಪಗ ಹೂಗು ಕೊಯ್ವದೂ ನಾವೇ.

ಮದ್ದಿನ ಡಬ್ಬಿಯ ಒಂದರಿ ತಿರುಗುಸಿ ನೋಡಿ. ವಜ್ರದ ಆಕಾರಲ್ಲಿ ಒಂದು ಗುರುತು ಇರ್ತು. ಅದರ ಕೆಳಾಣ ಅರ್ಧ ಕೆಂಪಾದರೆ ಎಲ್ಲದರಿಂದ ಜೋರಿನ ವಿಷ, ಹಳದಿ ಆದರೆ ಅದರಿಂದ ರಜ್ಜ ಕಮ್ಮಿ, ಮತ್ತೆ ನೀಲಿ, ಅಕೇರಿಗೆ ಹಸುರು. ಹಸುರು ಹೇಳಿರೆ ಕುಡಿವಲಕ್ಕು ಹೇಳಿ ಅಲ್ಲ, ವಿಷದ ಸಾಲಿಲಿ ಅಕೇರಿಯಾಣದ್ದು ಹೇಳಿ ಅಷ್ಟೆ. ಅದೇ ಡಬ್ಬಿಲಿ ಸಣ್ಣ ಅಕ್ಷರಲ್ಲಿ ಯೇವ ಬೆಳೆಗೆ, ಯೇವ ಹುಳುವಿಂಗೆ, ಎಷ್ಟು ನೀರಿಂಗೆ ಎಷ್ಟು, ಬಿಟ್ಟ ಮತ್ತೆ ಎಷ್ಟು ದಿನ ಕಾದು ಕೊಯ್ಯೆಕ್ಕು ಹೇಳಿ ಬರದಿರ್ತು. ಅಕ್ಷರ ಎಷ್ಟು ಸಣ್ಣ ಹೇಳಿರೆ, ಕನ್ನಡ್ಕ ಹಾಕಿರೂ ಕಾಂಬಲೆ ಕಷ್ಟ. ಓದುಲಾಗ ಹೇಳಿಯೇ ಅಷ್ಟು ಸಣ್ಣ ಮಾಡಿದ್ದವೋ ಹೇಳಿ ಎನಗೊಂದು ಸಂಶಯ. ಗೋಸಂಪಗೆ ಹೇಳಿ ಹೆಸರು ಬರದ ಡಬ್ಬಿಯ ಆನಂತೂ ಇಷ್ಟರವರೆಗೆ ಕಂಡಿದಿಲ್ಲೆ. ಕೊಯ್ಲಿಂಗೆ ಇಷ್ಟು ದಿನ ಕಾಯೆಕ್ಕು ಹೇಳುವ ಲೆಕ್ಕ ಗೇರಿಂಗೆ, ಭತ್ತಕ್ಕೆ, ಹತ್ತಿಗೆ ಇಪ್ಪದು. ನಮ್ಮ ಹೂಗಿಂಗೆ ಸಿಕ್ಕುದು ಒಂದೇ ಒಂದು ಇರುಳು.

ಹಳೆ ಡಬ್ಬಿಗೊ ಇನ್ನೂ ಕೆಲವು ಮನೆಯ ಕೊಟ್ಟಗೆಲಿ ಇದ್ದು. ಮೊನೊಕ್ರೊಟೊಫಾಸ್ ಹೇಳುವ ಮದ್ದಿನ ತರಕಾರಿಗೆ ಬಿಡ್ಲಾಗ ಹೇಳಿ ಸರಕಾರ 2005ರಲ್ಲೇ ನಿಷೇಧ ಮಾಡಿತ್ತು. 2013ರ ಜುಲೈಲಿ ಬಿಹಾರದ ಒಂದು ಶಾಲೆಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕೊ ತೀರಿಹೋದವು, ನೆಂಪಿದ್ದನ್ನೆ? ಅಡಿಗೆಯ ಎಣ್ಣೆಲಿ ಇದೇ ಮದ್ದು ಇತ್ತು ಹೇಳಿ ಪರೀಕ್ಷೆಲಿ ಗೊಂತಾತು. ಅಲ್ಲಿ ಆರೂ ಬೇಕು ಹೇಳಿ ವಿಷ ಹಾಕಿದ್ದು ಅಲ್ಲ, ವಿಷವೂ ಅಡಿಗೆಯ ಸಾಮಾನೂ ಹತ್ತರೆ ಹತ್ತರೆ ಇದ್ದರೆ ಎಂತ ಆವ್ತೋ ಅದೇ ಆದ್ದು. ಹಾಂಗಾಗಿ ಮದ್ದಿನ ಖಾಲಿ ಡಬ್ಬಿಲಿ ಉಪ್ಪಿನ ನೀರು ಮಡುಗುದು, ಹೂಗಿನ ಗೆಡುವಿಂಗೆ ನೀರು ಹಾಕುಲೆ ಅದನ್ನೇ ಚೆಂಬಿನ ಹಾಂಗೆ ಮಾಡುದು, ಇದೆಲ್ಲ ಇಂದೇ ನಿಲ್ಲಲಿ.

"ಎಂತ ಆವ್ತಿಲ್ಲೆ, ಆನು ಮೂವತ್ತು ವರ್ಷಂದ ಬಿಡ್ತಾ ಇದ್ದೆ" ಹೇಳ್ತ ಮಾತು ಎಲ್ಲಾ ಮನೆಲಿಯೂ ಇದ್ದು. ಈ ಮಾತಿನ ನಾವು ಮದಲೂ ಕೇಳಿದ್ದು. ಕಾಸರಗೋಡಿನ ಹೊಡೆಲಿ, ನಮ್ಮ ನೆಂಟ್ರ ಮನೆಗೊ ಇಪ್ಪ ಪಡ್ರೆ, ಎಣ್ಮಕಜೆಯ ಗುಡ್ಡೆಗಳ ಮೇಲೆ ಗೇರಿಂಗೆ ಹೆಲಿಕಾಪ್ಟರಿಲಿ ಎಂಡೋಸಲ್ಫಾನ್ ಬಿಟ್ಟೊಂಡು ಇದ್ದದು 2000ದ ವರೆಗೆ. ಇತ್ಲಾಗಿ ನಮ್ಮ ಜಿಲ್ಲೆಲಿ ಕೊಕ್ಕಡ, ಪಟ್ರಮೆಯ ಹೊಡೆಲಿಯೂ ಬಿಟ್ಟವು. ಅಂಬಗಳೂ ಎಂತ ಆವ್ತಿಲ್ಲೆ ಹೇಳಿಯೇ ಹೇಳಿದ್ದು. ಪಡ್ರೆಯ ಡಾಕ್ಟ್ರು ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆಯ ಹಾಂಗಿಪ್ಪವು ಸಂಗತಿಯ ಹೆರ ತಾರದ್ದೆ ಇದ್ದಿದ್ದರೆ ಇನ್ನೂ ಎಷ್ಟು ವರ್ಷ ಹಾಂಗೇ ಹೋವ್ತಿತೋ. ಸುಪ್ರೀಂ ಕೋರ್ಟು ಅದರ ನಿಲ್ಸಿದ್ದು 2011ರ ಮೇ 13ಕ್ಕೆ. ಜಾಲಿಂಗೆ ಬಿಡುವ ಎರಡು ಲೀಟರೂ ಹೆಲಿಕಾಪ್ಟರಿಂದ ಬಿಟ್ಟದೂ ಒಂದೇ ಹೇಳಿ ಆನು ಹೇಳ್ತಿಲ್ಲೆ, ಹಾಂಗೆ ಹೇಳಿರೆ ಆ ಅಬ್ಬೆಕ್ಕೊಗೆ, ಆ ಮಕ್ಕೊಗೆ ಅನ್ಯಾಯ. ಆನು ಹೇಳುದು ಇಷ್ಟೆ: ನಮ್ಮ ಊರಿನ ಜೆನ "ಎಂತ ಆವ್ತಿಲ್ಲೆ" ಹೇಳುದರ ಕೇಳಿ ಸುಮ್ಮನೆ ಕೂಪಲಾಗ. ನಮಗೆ ಅದರ ಬೆಲೆ ಗೊಂತಿದ್ದು.

ಅಂಬಗ ಗೋಸಂಪಗೆಗೆ ರೋಗ ಬಂದರೆ ಹಾಂಗೇ ಬಿಡುದೋ? ಅಲ್ಲ. ಆದರೆ ರೋಗ ಯೇವದು ಹೇಳಿ ಮದಲು ಕಣ್ಣು ಬಿಟ್ಟು ನೋಡೆಕ್ಕು.

ನಮ್ಮಲ್ಲಿ ಹೆಚ್ಚಿಗೆ ಕಾಂಬದು ತುಕ್ಕು ರೋಗ. ಆಟಿ ಕಳುದು ಸೋಣೆ ತಿಂಗಳು ಬಪ್ಪಗ ಎಲೆಯ ಮೇಗಾಣ ಹೊಡೆಲಿ ಸಣ್ಣ ಸಣ್ಣ ಹಳದಿ ಚುಕ್ಕಿ. ತಿರುಗುಸಿ ನೋಡಿರೆ ಅಡಿಲಿ ಅರಶಿನ ಹೊಡಿ ಉದುರುಸಿದ ಹಾಂಗೆ, ಬೆರಳಿಲಿ ಉದ್ದಿರೆ ಕಿತ್ತಳೆ ಬಣ್ಣ ಅಂಟುತ್ತು. ಅದು ಹುಳು ಅಲ್ಲ, ಬೂಸು. ಕೊಲಿಯೊಸ್ಪೋರಿಯಂ ಹೇಳಿ ಅದರ ಶಾಸ್ತ್ರದ ಹೆಸರು. ಈಗ ಯೋಚನೆ ಮಾಡಿ: ಟೀ ಸೊಳ್ಳೆಯ ಕೊಲ್ಲುವ ಮದ್ದು ಬೂಸಿಂಗೆ ಎಂತ ಮಾಡುಗು? ಎಂತದೂ ಮಾಡ. ತಲೆಬೇನೆಗೆ ಕಾಲಿಂಗೆ ಎಣ್ಣೆ ಕಿಟ್ಟಿದ ಹಾಂಗೆ. ಒಳುದ ಮದ್ದಿನ ಮರಕ್ಕೆ ಬಿಡುವವಕ್ಕೆ ಇಷ್ಟೇ ಒಂದು ಪ್ರಶ್ನೆ ಕೇಳಿ, ಸಾಕು.

ಆದರೆ ಅವು ಒಂದು ಉತ್ತರ ಕೊಡುಗು. "ಕಳುದ ವರ್ಷ ಬಿಟ್ಟಿದೆ, ಹಳದಿ ಎಲೆ ಪೂರ ಉದುರಿತ್ತು, ಮತ್ತೆ ಬಂದ ಎಲೆ ಎಷ್ಟು ಲಾಯಿಕ ಇತ್ತು ಗೊಂತಿದ್ದೋ?" ಅಪ್ಪು, ಇತ್ತು. ಮದ್ದು ಬಿಡದ್ದ ನೆರೆಕರೆಯ ಮರಲ್ಲಿಯೂ ಇತ್ತು! ಗೋಸಂಪಗೆ ಚಳಿಗಾಲಲ್ಲಿ ಎಲೆ ಪೂರ ಉದುರುಸಿ ಬೋಳು ನಿಂಬ ಮರ. ಧನು, ಮಕರ ತಿಂಗಳಿಲಿ ಅದರ ಕಂಡರೆ ಸತ್ತತ್ತೋ ಹೇಳಿ ಕಾಂಗು. ಬೀಜದ ಮರಕ್ಕೆ ಮದ್ದು ಬಿಡುವ ಹೊತ್ತುದೆ ಸರಿಯಾಗಿ ಅದೇ. ಉದುರುಲೆ ತಯಾರಾದ ಎಲೆಗೆ ಮದ್ದು ಬಿಟ್ಟು, ಅದು ಉದುರಿಯಪ್ಪಗ ಗುಣ ಆತು ಹೇಳುದು, ಹೊತ್ತು ಮೂಡುವ ಮದಲು ಕೂಗಿ, ಎನ್ನಂದಾಗಿಯೇ ಉದಿಯಾತು ಹೇಳುವ ಕೋಳಿಯ ಲೆಕ್ಕಾಚಾರ.

ತುಕ್ಕು ಬಂದು ಗೋಸಂಪಗೆ ಮರ ಸಾವಲೆ ಇಲ್ಲೆ. ಎಲೆ ರಜ್ಜ ಬೇಗ ಉದುರುತ್ತು, ನೋಡ್ಲೆ ಚೆಂದ ಇಲ್ಲೆ, ಅಷ್ಟೆ. ಆ ಬೂಸಿಂಗೆ ಬದುಕ್ಕೆಕ್ಕಾರೆ ಹಸಿ ಎಲೆ ಬೇಕು, ಎಲೆಯ ಮೇಲೆ ಗಂಟೆಗಟ್ಲೆ ನೀರಿನ ಪಸೆ ಬೇಕು. ಗೆಲ್ಲಿಂಗೆ ಅದು ಹಿಡಿತ್ತಿಲ್ಲೆ. ಹಾಂಗಾಗಿ ಅದರ ಮುರಿವ ಆಯುಧ ನಮ್ಮ ಕೈಲಿ ದಿನಾಗಳೂ ಇದ್ದು, ಹಿಡಿಸೂಡಿ. ಹಳದಿ ಎಲೆ ಬೀಳುಲೆ ಸುರು ಅಪ್ಪಗ ದಿನಾ ಉಡುಗಿ, ಬುಡಲ್ಲಿ ರಾಶಿ ಹಾಕದ್ದೆ, ಗೊಬ್ಬರದ ಗುಂಡಿಗೂ ಹಾಕದ್ದೆ, ಒಣಗುಸಿ ಬೆಶಿನೀರ ಒಲೆಗೆ ಹಾಕಿ. ಮಕರ ತಿಂಗಳು ಮುಗಿವಗ ಗೆಲ್ಲಿಲಿ ಎರಡೋ ಮೂರೋ ಹಳೆ ಎಲೆ ನೇತೊಂಡಿದ್ದರೆ ಅದರ ಕೈಲಿ ಕಿತ್ತು ತೆಗೆರಿ. ಹೊಸ ಎಲೆ ಬಪ್ಪಗ ಹಳೆ ಎಲೆ ಒಂದೂ ಇಪ್ಪಲಾಗ. ಬೆಳಿ ಹೂಗಿನ, ಎಲೆಯ ಕೊಡಿ ಉರುಟು ಇಪ್ಪ, ವರ್ಷಪೂರ್ತಿ ಹಸುರು ನಿಂಬ ಒಂದು ಜಾತಿ ಇದ್ದನ್ನೆ, ಅದು ಹತ್ತರೆ ಇದ್ದರೆ ರಜ್ಜ ಜಾಗ್ರತೆ. ಬಾಕಿ ಮರ ಬೋಳಾದರೂ ತುಕ್ಕು ಅದರ ಎಲೆಲಿ ಕೂದೊಂಡು ಬಪ್ಪ ವರ್ಷಕ್ಕೆ ಕಾಯುಗು. ನೀರು ಹಾಕುವಗ ಪೈಪಿಲಿ ಎಲೆಗೆ ಹಾರ್ಸೆಡಿ, ಬುಡಕ್ಕೆ ಹಾಕಿ. ಚಟ್ಟಿಗಳ ಒಂದಕ್ಕೊಂದು ಎಲೆ ತಾಗದ್ದ ಹಾಂಗೆ ದೂರ ಮಡುಗಿ.

ಇಷ್ಟು ಮಾಡಿಯೂ ಮನಸ್ಸು ಕೇಳದ್ದರೆ ಅಡಕ್ಕೆಗೆ ಬಿಡುವ ಬೋರ್ಡೋ ಇದ್ದನ್ನೆ. ಮೈಲುತುತ್ತು 10 ಗ್ರಾಂ, ಸುಣ್ಣ 10 ಗ್ರಾಂ, ನೀರು ಒಂದು ಲೀಟರು, ಬೇರೆ ಬೇರೆ ಕರಡಿ ಮತ್ತೆ ಸೇರ್ಸುದು. ಕಬ್ಬಿಣದ ಕತ್ತಿಯ ಕೊಡಿ ಮುಂಗುಸಿ ನೋಡಿ, ಕೆಂಪು ಹಿಡುದರೆ ಸುಣ್ಣ ಸಾಲ ಹೇಳಿ ಲೆಕ್ಕ. ಹೊಸ ಎಲೆ ಬಂದ ಮತ್ತೆ, ಪತ್ತನಾಜೆಯ ಹೊತ್ತಿಂಗೆ, ಮಳೆ ಹಿಡಿವ ಮದಲು ಒಂದರಿ ಎಲೆಯ ಅಡಿಯಂಗೆ ಬಿಟ್ಟರೆ ಸಾಕು. ಹಳದಿ ಆದ ಎಲೆಗೆ ಬಿಟ್ಟು ಪ್ರಯೋಜನ ಇಲ್ಲೆ. ಮೈಲುತುತ್ತುದೆ ಹಾಲು ಅಲ್ಲ, ಅದು ಬಿಟ್ಟ ವಾರ ಹೂಗು ಕೊಯ್ಯೆಡಿ, ಮಕ್ಕಳ ಹತ್ತರೆ ಬಿಡೆಡಿ.

ಇನ್ನು ಬೆಳಿ ಹತ್ತಿಯ ಹಾಂಗಿಪ್ಪ ಹುಳು, ಹಿಟ್ಟು ತಿಗಣೆ. ಇದರ ಕಥೆ ಎಲ್ಲೋರೂ ಕೇಳೆಕ್ಕಾದ್ದು. ಬಪ್ಪಂಗಾಯಿಗೆ ಬಪ್ಪ ಹಿಟ್ಟು ತಿಗಣೆ ನಮ್ಮ ದೇಶದ್ದೇ ಅಲ್ಲ. 2008ರಲ್ಲಿ ಕೊಯಮತ್ತೂರಿಲಿ ಮದಾಲು ಕಂಡದು. ಬಪ್ಪಂಗಾಯಿ, ಮರಗೆಣಸು, ದಾಸನ, ಗೋಸಂಪಗೆ, ರೇಷ್ಮೆಯ ಹಿಪ್ಪುನೇರಳೆ, ಕಂಡ ಕಂಡದಕ್ಕೆಲ್ಲ ಹತ್ತಿತ್ತು. ಜೆನ ಮದ್ದು ಬಿಟ್ಟವು, ಮತ್ತೂ ಬಿಟ್ಟವು. ಹುಳುವಿನ ಮೈಮೇಲೆ ಮೇಣದ ಹೊಡಿ ಇದ್ದು, ಮದ್ದು ಒಳ ಇಳಿತ್ತಿಲ್ಲೆ. ರೇಷ್ಮೆ ಸಾಂಕುವವು ಮದ್ದು ಬಿಡ್ಲೂ ಇಲ್ಲೆ, ಬಿಟ್ಟರೆ ಆ ಸೊಪ್ಪು ತಿಂದ ರೇಷ್ಮೆ ಹುಳುವೇ ಸಾಯ್ತು. ಅಕೇರಿಗೆ ಗುಣ ಮಾಡಿದ್ದು ಆರು? 2010ರಲ್ಲಿ ಬೆಂಗಳೂರಿನ ಕೃಷಿ ಕೀಟಂಗಳ ರಾಷ್ಟ್ರೀಯ ಬ್ಯೂರೋದವು ದೂರದ ಪೋರ್ಟೊರಿಕೊಂದ ತರುಸಿದ ಸಣ್ಣ ಸಣ್ಣ ಕಣಜಂಗೊ. ಎಳ್ಳಿಂದಲೂ ಸಣ್ಣ. ಅದು ಹಿಟ್ಟು ತಿಗಣೆಯ ಮೈಯೊಳ ಮೊಟ್ಟೆ ಮಡುಗುತ್ತು, ಮರಿ ಒಳಂದಲೇ ತಿಂದು ಮುಗುಶುತ್ತು. ಮದ್ದಿಂಗೆ ಬಗ್ಗದ್ದ ಹುಳು ಈ ಕಣಜಕ್ಕೆ ಬಗ್ಗಿತ್ತು.

ಆ ಕಣಜವ ಎಲ್ಲದರಿಂದ ಮದಲು ಕೊಲ್ಲುದು ಯೇವದು? ಟ್ಯಾಂಕಿಲಿ ಒಳುದ ಮದ್ದು. ತಿಗಣೆ ಮೇಣದ ಕಂಬಳಿ ಹೊದ್ದೊಂಡು ಕೂರ್ತು, ಕಣಜಕ್ಕೆ ಕಂಬಳಿ ಇಲ್ಲೆ. ಮದ್ದು ಬಿಟ್ಟ ಎರಡು ವಾರಲ್ಲಿ ತಿಗಣೆ ಮದಲಾಣಿಂದ ಹೆಚ್ಚಪ್ಪದು ಇದಕ್ಕೇ. ಅಂಬಗ ಅಂಗಡಿಯವು ಇನ್ನೂ ಜೋರಿನ ಮದ್ದು ಕೊಡ್ತವು. ಆರಿಂಗೆ ಲಾಭ ಹೇಳಿ ಆನು ಹೇಳೆಕ್ಕೋ?

ಇನ್ನೊಂದು ಸಂಗತಿ ಸರೀ ನೆಂಪು ಮಡಿಕ್ಕೊಳ್ಳಿ. ತಿಗಣೆಯ ನೆಡುಕೆ ಅದರಿಂದ ದೊಡ್ಡ, ಬೆಳಿ ಬೆಳಿ ಜಡೆ ಬಿಟ್ಟ ಹಾಂಗಿಪ್ಪ ಒಂದು ಹುಳು ಕಾಂಗು. "ಇದಾ, ಇದೇ ತಿಗಣೆಯ ಅಜ್ಜಿ" ಹೇಳಿ ಅದರನ್ನೇ ಮದಲು ಒರಸಿ ಹಾಕುವವು ಇದ್ದವು. ಅದು ತಿಗಣೆ ಅಲ್ಲ, ತಿಗಣೆಯ ತಿಂಬ ಗುಲಗಂಜಿ ಹುಳುವಿನ ಮರಿ. ಕ್ರಿಪ್ಟೊಲೀಮಸ್ ಹೇಳಿ ಹೆಸರು, ಆಸ್ಟ್ರೇಲಿಯದ್ದು, ನಮ್ಮ ದೇಶಕ್ಕೆ 1898ರಲ್ಲಿ ಕಾಫಿ ತೋಟಕ್ಕೆ ಹೇಳಿ ತಂದದು. ಗುರ್ತ ಹಿಡಿವದು ಸುಲಭ. ಕಡ್ಡಿಲಿ ಮುಟ್ಟಿರೆ ತಿಗಣೆ ಕೂದಲ್ಲೇ ಕೂರ್ತು, ಇದು ಸರಸರನೆ ಓಡ್ತು. ಓಡುವದರ ಬಿಡಿ, ಕೂಪದರ ತೆಗೆರಿ.

ತೆಗವದು ಹೇಂಗೆ? ಸುರುವಿಂಗೆ ಬರೇ ನೀರು. ಪೈಪಿನ ಬಾಯಿಗೆ ಹೆಬ್ಬೆರಳು ಹಿಡುದು ಎಲೆಯ ಅಡಿಯಂಗೆ ಜೋರು ಹಾರ್ಸಿರೆ ಅರ್ಧಕ್ಕರ್ಧ ಬೀಳ್ತು. (ತುಕ್ಕು ಇಪ್ಪಗ ಎಲೆ ಚೆಂಡಿ ಮಾಡ್ಲಾಗ ಹೇಳಿದ್ದು ನೆಂಪಿರಲಿ. ತಿಗಣೆ ಹೆಚ್ಚು ಅಪ್ಪದು ಬೇಸಗೆಲಿ, ಉದಿಯಪ್ಪಗ ನೀರು ಹಾರ್ಸಿರೆ ಹತ್ತು ಗಂಟೆಗೆ ಒಣಗುತ್ತು, ಅದು ಅಡ್ಡಿಲ್ಲೆ.) ಒಳುದ್ದರ ಹಳೆ ವಸ್ತ್ರಲ್ಲಿ ಉದ್ದಿ. ಕೊಡಿಲಿ ಹೆಚ್ಚು ಇದ್ದರೆ ಒಂದು ಲೀಟರು ನೀರಿಂಗೆ 5 ಗ್ರಾಂ ಬಟ್ಟೆ ಸಾಬೂನು ಕರಡಿ, 5 ಮಿಲಿ ಬೇವಿನೆಣ್ಣೆ ಸೇರ್ಸಿ, ಹೊತ್ತೋಪಗ ಬೆಶಿಲು ಇಳುದ ಮತ್ತೆ ಬಿಡಿ. ವಾರಕ್ಕೆ ಒಂದರಿಯ ಹಾಂಗೆ ಮೂರು ವಾರ. ಬೇವಿನೆಣ್ಣೆದೆ ಮದ್ದೇ ಅಲ್ಲದೋ ಹೇಳಿ ಕೇಳುವವು ಇದ್ದವು. ಅಪ್ಪು, ಮದ್ದೇ. ಎಲ್ಲಿ ತಿಗಣೆ ಇದ್ದೋ ಅಲ್ಲಿಗೆ ಮಾಂತ್ರ ಬಿಡಿ ಹೇಳುದು ಅದಕ್ಕೇ. ಆದರೆ ಅದರ ಬಿಟ್ಟ ಕೈಯ ಸಾಬೂನಿಲಿ ತೊಳದು ಅಶನಕ್ಕೆ ಕೂಪಲೆ ಎನಗೆ ಹೆದರಿಕೆ ಇಲ್ಲೆ.

ಎಲ್ಲದರಿಂದ ಮುಖ್ಯ, ಎರುಗು. ತಿಗಣೆ ಚೀಪುವ ರಸಲ್ಲಿ ಹೆಚ್ಚಾದ್ದು ಸೀವಿನ ನೀರಾಗಿ ಹೆರ ಬೀಳ್ತು. ಎರುಗು ಅದಕ್ಕೆ ಬಪ್ಪದು. ಬಂದು ಕಣಜವನ್ನೂ ಗುಲಗಂಜಿ ಹುಳುವನ್ನೂ ಓಡುಸಿ, ತಿಗಣೆಯ ದನವ ಸಾಂಕಿದ ಹಾಂಗೆ ಸಾಂಕುತ್ತು. ಎರುಗು ಮರ ಹತ್ತದ್ದ ಹಾಂಗೆ ಮಾಡಿರೆ ಅರ್ಧ ಕೆಲಸ ಆತು. ಬುಡಕ್ಕೆ ಒಂದು ಅಗಲದ ಟೇಪು ಸುತ್ತಿ ಅದಕ್ಕೆ ಗ್ರೀಸು ಕಿಟ್ಟಿ. ಮರದ ಚೋಲಿಗೆ ಸೀದಾ ಗ್ರೀಸು ಕಿಟ್ಟೆಡಿ. ಚಟ್ಟಿ ಆದರೆ ನೀರು ತುಂಬುಸಿದ ತಟ್ಟೆಯ ನೆಡುಕೆ ಒಂದು ಕಲ್ಲು ಮಡುಗಿ ಅದರ ಮೇಲೆ ಚಟ್ಟಿ, ಅಡಿಗೆ ಒಳ ಬೆಲ್ಲದ ಕರಡಿಗೆ ಮಡುಗಿದ ಹಾಂಗೆ. ಗೆಲ್ಲು ಗೋಡೆಗೋ ಬಟ್ಟೆ ಹಾಕುವ ಬಳ್ಳಿಗೋ ತಾಗಿಯೊಂಡಿದ್ದರೆ ಎರುಗು ಆ ದಾರಿಲಿ ಬಕ್ಕು, ಅದನ್ನೂ ನೋಡಿ.

ಎಲೆಯ ಅಡಿಲಿ ಸುರುಳಿ ಸುರುಳಿಯಾಗಿ ಬೆಳಿ ಹೊಡಿ ಇದ್ದರೆ ಅದು ಬೆಳಿ ನೊಣ, ತೆಂಗಿಲಿ ಕಂಡಿಕ್ಕು ನಿಂಗೊ. ಅದಕ್ಕೂ ಇದೇ ನೀರು, ಇದೇ ಸಾಬೂನು. ಎಲೆಯ ಮೇಲೆ ಕಪ್ಪು ಮಸಿ ಹಿಡುದ್ದು ಬೇರೆ ರೋಗ ಅಲ್ಲ, ಆ ಸೀವಿನ ನೀರಿಂಗೆ ಹಿಡುದ ಬೂಸು, ಉದ್ದಿರೆ ಹೋವ್ತು. ಬೇಸಗೆಲಿ ಎಲೆ ಮಂಕಾಗಿ ಅಡಿಲಿ ಸಣ್ಣ ಬಲೆ ಕಂಡರೆ ನುಸಿ, ನೀರು ಹಾರ್ಸಿರೆ ಸಾಕು.

ಇನ್ನು ಗೋಸಂಪಗೆಯ ನಿಜವಾಗಿ ಕೊಲ್ಲುದು ಎಂತ ಹೇಳಿರೆ ನಿಂಗೊ ನೆಗೆ ಮಾಡುವಿ. ಅದರ ಕೊಲ್ಲುದು ನಮ್ಮ ಪ್ರೀತಿ. ಈ ಮರ ನಮ್ಮ ಪುರಾಣ ಕಾಲದ್ದು ಹೇಳಿ ಅಜ್ಜಿಯಕ್ಕೊ ಗ್ರೇಶಿಯೊಂಡಿತ್ತಿದ್ದವು, ಅಲ್ಲ. ಇದರ ಮೂಲ ಮೆಕ್ಸಿಕೊ, ಕೆರಿಬಿಯನ್ ದ್ವೀಪಂಗಳ ಹೊಡೆ. ಪ್ಲುಮೇರಿಯಾ ಹೇಳುವ ಹೆಸರು ಬಂದದು ಪ್ಲೂಮಿಯೇ ಹೇಳುವ ಫ್ರೆಂಚ್ ಸನ್ಯಾಸಿಯ ಹೆಸರಿಂದ. 1704ರಲ್ಲಿ ತೀರಿಹೋದ ಸಸ್ಯಶಾಸ್ತ್ರಜ್ಞ° ಅವ°. ಕಲ್ಲಿನ ಗುಡ್ಡೆಲಿ, ಒಣ ಜಾಗೆಲಿ ಬೆಳದ ಮರ. ಗೆಲ್ಲಿನ ಒಳವೇ ನೀರು ಕೂಡಿ ಮಡುಗುತ್ತು. ಅದಕ್ಕೆ ಬೇಕಾದ್ದು ದಿನಕ್ಕೆ ಆರು ಗಂಟೆ ಬೆಶಿಲು, ನೀರು ನಿಲ್ಲದ್ದ ಮಣ್ಣು, ಅಷ್ಟೆ. ನಾವು ಎಂತ ಮಾಡ್ತು? ತೆಂಗಿಂಗೆ ಮಾಡಿದ ಹಾಂಗೆ ಬುಡಲ್ಲಿ ಕಟ್ಟೆ ಕಟ್ಟಿ, ಹಟ್ಟಿಗೊಬ್ಬರ ರಾಶಿ ಹಾಕಿ, ಬೋಳು ನಿಂದ ಮಕರ ತಿಂಗಳಿಲಿಯೂ ದಿನಾ ಒಂದು ಬಾಲ್ದಿ ನೀರು ಎರೆತ್ತು. ಎಲೆ ಇಲ್ಲದ್ದ ಮರ ಆ ನೀರಿನ ಎಂತ ಮಾಡುಗು? ಬೇರು ಕೊಳೆತ್ತು.

ಈಗ ಜಾಲಿಂಗೆ ಪೂರ ಇಂಟರ್ಲಾಕ್ ಹಾಕುದು ಬೇರೆ ಬಯಿಂದು. ಮಣ್ಣು ಕಾಂಬಲಾಗ, ಕೆಸರು ಅಪ್ಪಲಾಗ. ಮರದ ಸುತ್ತ ಒಂದು ಉರುಟು ಒಟ್ಟೆ ಬಿಟ್ಟಿರ್ತವು. ಆಟಿಯ ಮಳೆಗೆ ಇಡೀ ಜಾಲಿನ ನೀರು ಆ ಒಟ್ಟೆಗೆ ಬಂದು ನಿಲ್ಲುತ್ತು. ಮತ್ತೆ ಬುಡ ಕಪ್ಪಾಗಿ ಮೆತ್ತಂಗೆ ಅಪ್ಪಗ ರೋಗ ಬಂತು, ಮದ್ದು ಬಿಡಿ ಹೇಳ್ತವು! ಮದ್ದು ಬೇಕಾದ್ದು ಮರಕ್ಕೆ ಅಲ್ಲ, ಇಂಟರ್ಲಾಕಿಂಗೆ. ಎರಡು ಕಲ್ಲು ಕೀಳುಸಿ ನೀರಿಂಗೆ ದಾರಿ ಮಾಡಿ ಕೊಡಿ.

ಕೊಳವದರ ಗುರ್ತ ಹೆಬ್ಬೆರಳು. ಮಳೆಗಾಲಲ್ಲಿ ವಾರಕ್ಕೊಂದರಿ ಬುಡವನ್ನೂ ಗೆಲ್ಲಿನ ಕೊಡಿಯನ್ನೂ ಒತ್ತಿ ನೋಡಿ. ಗಟ್ಟಿ ಇದ್ದರೆ ಸರಿ, ಒತ್ತುವಗ ಒಳ ಹೋದರೆ ಕೊಳದ್ದು. ಮಳೆ ಬಿಟ್ಟ ಒಂದು ದಿನ ನೋಡಿ, ಹರಿತದ ಕತ್ತಿಲಿ ಕಡಿಯೆಕ್ಕು. ಒಳಾಣ ತಿರುಳಿಲಿ ಕಂದು ಬಣ್ಣ ಒಂದು ಚೂರೂ ಇಪ್ಪಲಾಗ, ಬೆಳಿ ಕಂಡು ಹಾಲು ಬಪ್ಪಲ್ಲಿವರೆಗೆ ಕೆಳ ಕೆಳ ಕಡಿಯಿರಿ, ಪ್ರತಿ ಸರ್ತಿ ಕತ್ತಿಯ ಉದ್ದಿ. ಕಡುದಲ್ಲಿಗೆ ಬೋರ್ಡೋ ಮುಲಾಮು: ಮೈಲುತುತ್ತು 100 ಗ್ರಾಂ, ಸುಣ್ಣ 100 ಗ್ರಾಂ, ನೀರು ಒಂದು ಲೀಟರು. ಬುಡವೇ ಕೊಳದರೆ ಮರಕ್ಕೆ ಆಸೆ ಬಿಡಿ, ಮೇಗಾಣ ಗಟ್ಟಿ ಗೆಲ್ಲುಗಳ ತೆಗದು ಮಾಡಿಲಿ ಒಣಗುಸಿ, ಅದೇ ಹೊಸ ಮರ ಅಕ್ಕು. ಚಟ್ಟಿಯ ಗೆಡುಗಳ ಪತ್ತನಾಜೆ ಅಪ್ಪಗ ಜೆಗಿಲಿಯ ಕರೆಂಗೆ, ಮಾಡಿನ ನೀರು ಬೀಳದ್ದಲ್ಲಿಗೆ ತಂದು ಮಡುಗಿ. ಮಳೆಗಾಲಲ್ಲಿ ಚೆಂದಕ್ಕೆ ಹೇಳಿ ಗೆಲ್ಲು ಕಡಿವ ಆಶೆಯನ್ನೂ ಬಿಡಿ.

ಮತ್ತೊಂದು ವಾದ ಈಗ ಎರಡು ವರ್ಷಂದ ಸುರು ಆಯಿದು. "ಈ ಮರವೇ ವಿಷ ಅಡ, ಅದಕ್ಕೆ ಮದ್ದು ಬಿಟ್ಟರೆ ಎಂತ, ಕಡುದರೇ ಎಂತ?" ಹೇಳಿ. 2024ರ ಮೇ ತಿಂಗಳಿಲಿ ಕೇರಳದ ದೇವಸ್ವಂ ಬೋರ್ಡಿನವು ನೈವೇದ್ಯಕ್ಕೂ ಪ್ರಸಾದಕ್ಕೂ ಅರಳಿ ಹೂಗು ಬೇಡ ಹೇಳಿದ ಮತ್ತೆ ಬಂದ ಗಲಾಟೆ ಇದು. ಅರಳಿ ಹೇಳಿರೆ ಅಲ್ಲಿ ಕಣಗಿಲೆ, ಉದ್ದ ಉದ್ದ ಸಪೂರ ಎಲೆಯದ್ದು, ತಿಂದರೆ ಹೃದಯಕ್ಕೇ ತಾಗುವ ವಿಷ. ನಮ್ಮ ಗೋಸಂಪಗೆಗೆ ಕೆಲವು ದಿಕ್ಕೆ ದೇವಕಣಗಿಲೆ ಹೇಳಿಯೂ ಹೆಸರಿದ್ದು, ಹಾಂಗಾಗಿ ಎರಡನ್ನೂ ಒಂದೇ ಮಾಡಿದವು. ಎರಡೂ ಒಂದೇ ಕುಟುಂಬದ್ದು ಅಪ್ಪು, ಆದರೆ ಅಣ್ಣ ಕುಡುದರೆ ತಮ್ಮಂಗೆ ಅಮಲು ಏರ್ತೋ? ಗೋಸಂಪಗೆಯ ಹಾಲು ಮೈಗೆ ತಾಗಿರೆ ತೊರುಸುಗು, ಕಣ್ಣಿಂಗೆ ಹಾರಿರೆ ಜೋರು ಉರಿಗು, ಹೊಟ್ಟೆಗೆ ಹೋಪಲಾಗ. ತುಂಬಾ ನೀರಿಲಿ ತೊಳಯೆಕ್ಕು, ಕಣ್ಣಿಂಗಾದರೆ ತೊಳದು ಡಾಕ್ಟ್ರ ಹತ್ತರೆ ಹೋಯೆಕ್ಕು. ಹೂಗಿನ ತೊಟ್ಟಿಲಿಯೂ ಆ ಹಾಲು ಇದ್ದು. ಇಷ್ಟು ಜಾಗ್ರತೆ ಸಾಕು. ನೈವೇದ್ಯದ ಮೇಲೆ ಹೂಗು ಹಾಕದ್ದೆ ದೇವರ ಪಾದಕ್ಕೆ ಹಾಕಿ, ಅದು ಯೇವ ಹೂಗಿಂಗೂ ಒಳ್ಳೆ ಕ್ರಮ.

ಈ ಸರ್ತಿ ಗುಡ್ಡೆಂದ ಟ್ಯಾಂಕಿ ಹೊತ್ತೊಂಡು ಇಳುದು ಬಪ್ಪಗ ಜಗಳ ಮಾಡೆಡಿ, ಕೆಲಸ ಕೊಡಿ. ಲೆಕ್ಕ ಹಾಕಿ ಬೇಕಾದಷ್ಟೇ ಮದ್ದು ಕರಡೆಕ್ಕು, ಒಳುದರೆ ಬೀಜದ ಮರಕ್ಕೇ ಬಿಟ್ಟು ಮುಗುಶಿ ಬರೆಕ್ಕು, ಟ್ಯಾಂಕಿಯ ಬಾವಿಂದ ದೂರ ಗುಡ್ಡೆಲಿಯೇ ತೊಳಯೆಕ್ಕು, ಮದ್ದಿನ ಅಂಗಿಗೆ ಬೇರೆ ಬಾಲ್ದಿ. ಎನ್ನ ಅತ್ತಿಗೆ ಒಂದು ಕೆಣಿ ಮಾಡಿದ್ದು, ಮದ್ದು ಬಿಡುವ ದಿನ ಗೋಸಂಪಗೆ ಮರದ ಬುಡಲ್ಲಿ ಬಾಬೆಯ ತೊಟ್ಲಿನ ವಸ್ತ್ರ ಒಣಗುಲೆ ಹಾಕುದು. ಅಲ್ಲಿಗೆ ಆರ ಕೈಯೂ ಹೋಗ.

ಕುಂಭ, ಮೀನ ತಿಂಗಳು ಗೆಲ್ಲು ನೆಡುಲೆ ಲಾಯಿಕದ ಸಮಯ. ಎನ್ನಲ್ಲಿ ಕೆಂಪು, ಹಳದಿ ನೆಡು ಇಪ್ಪ ಬೆಳಿ, ಎರಡೂ ಇದ್ದು, ಬೇಕಾದವು ಬನ್ನಿ. ಒಂದೂವರೆ ಅಡಿ ಉದ್ದಕೆ ಕಡುದು ಕೊಡುವೆ. ಹಾಲು ಸೋರುತ್ತು, ಹಳೆ ಪೇಪರು ತನ್ನಿ, ಒಳ್ಳೆ ಸೀರೆ ಸುತ್ತಿಯೊಂಡು ಬರೆಡಿ, ಕಲೆ ಹೋವ್ತಿಲ್ಲೆ. ಮನೆಗೆ ಕೊಂಡೋಗಿ ನೆರಳಿಲಿ ಹತ್ತು ದಿನ ಸುಮ್ಮನೆ ಮಡುಗಿ, ಕಡುದ ಬಾಯಿ ಒಣಗೆಕ್ಕು. ಮತ್ತೆ ಅರ್ಧ ಹೊಯಿಗೆ, ಅರ್ಧ ಮಣ್ಣು ಹಾಕಿದ ಚಟ್ಟಿಲಿ ನಾಲ್ಕು ಇಂಚು ಊರಿ, ಒಂದರಿ ನೀರು ಹಾಕಿ, ಎಲೆ ಬಿಡುವನ್ನಾರ ಅದರ ಹತ್ತರೆ ಚೆಂಬು ಹಿಡ್ಕೊಂಡು ಹೋಗೆಡಿ.